ಗಡ್ಡೆಯ ಅಳತೆ ಒಂದನ್ನೇ ನೋಡಿ ಲೆಕ್ಕ ಹಾಕಬೇಡಿ

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಹಿಂದಿನ ಸಂಚಿಕೆಯಲ್ಲಿ ಬಯಾಪ್ಸಿ ರಿಪೋರ್ಟ್ ಓದುವುದು ಹೇಗೆ ಅಂತ ಸ್ವಲ್ಪ ಬರೆದಿದ್ದೆ. ಅದಾದ ಮೇಲೆ ಬಂದ ಪತ್ರಗಳಲ್ಲಿ ಕಿಡ್ನಿ ಗಡ್ಡೆಯ ಬಗ್ಗೆ ಕೇಳಿದವರೇ ಜಾಸ್ತಿ. ಹಾಗಾಗಿ ಈ ಸಲ ಪೂರ್ತಿ ಅದೇ ಮಾತು. ನಾನು ಆಪರೇಷನ್ ಮಾಡುವವಳಲ್ಲ, ಔಷಧಿ ಕೊಡುವವಳೂ ಅಲ್ಲ. ದಾವಣಗೆರೆಯಲ್ಲಿ ಪೆಥಾಲಜಿ ಲ್ಯಾಬಿನಲ್ಲಿ ಕೂತು, ಸರ್ಜನ್ ತೆಗೆದು ಕಳಿಸಿದ್ದನ್ನು ಕೊಯ್ದು, ಸ್ಲೈಡ್ ಮಾಡಿಸಿ, ಮೈಕ್ರೋಸ್ಕೋಪಿನಲ್ಲಿ ನೋಡಿ ರಿಪೋರ್ಟ್ ಬರೆಯುತ್ತಿದ್ದವಳು. ಈಗ ನಿವೃತ್ತಿಯಾಗಿದೆ. ರೋಗಿಗಳ ಮುಖ ನೋಡುವ ಅವಕಾಶ ನನಗೆ ಕಡಿಮೆ ಸಿಕ್ಕಿತು. ಅವರ ಗಡ್ಡೆಗಳನ್ನು ಮಾತ್ರ ಹತ್ತಿರದಿಂದ ಬಲ್ಲೆ. ಹೆಸರು ಹಾಕಬೇಡಿ ಅಂತ ಪತ್ರ ಬರೆದವರೆಲ್ಲ ಕೇಳಿಕೊಂಡಿದ್ದಾರೆ, ಹಾಕಿಲ್ಲ.

ಪ್ರಶ್ನೆ: ಡಾಕ್ಟರಮ್ಮ, ನಮ್ಮ ಯಜಮಾನ್ರಿಗೆ 58 ವರ್ಷ. ಬಲಗಡೆ ಕಿಡ್ನಿ ತೆಗೆದರು. ಗಡ್ಡೆ 9 ಸೆಂ.ಮೀ. ಇತ್ತಂತೆ. ನಮ್ಮ ಓಣಿಯಲ್ಲೇ ಇನ್ನೊಬ್ಬರಿಗೆ 5 ಸೆಂ.ಮೀ. ಗಡ್ಡೆ ಇತ್ತು. ಅವರಿಗೆ ವರ್ಷ ತುಂಬುವುದರೊಳಗೆ ಶ್ವಾಸಕೋಶಕ್ಕೆ ಬಂತು. ಅಷ್ಟು ಚಿಕ್ಕದಕ್ಕೇ ಹಾಗಾದರೆ ನಮ್ಮ ಗತಿ ಏನು? ರಾತ್ರಿ ನಿದ್ದೆ ಬರಲ್ಲ. ಎರಡೂ ರಿಪೋರ್ಟಿನ ಫೋಟೋ ಕಳಿಸಿದ್ದೇನೆ. ಅವರ ಮನೆಯವರೇ ಕಳಿಸಿ ಅಂದರು.
— ಓದುಗರು, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ಎರಡೂ ರಿಪೋರ್ಟನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿದೆ ಅಮ್ಮ. ನಿಮ್ಮ ಯಜಮಾನರ ಗಡ್ಡೆ ಅಳತೆಯಲ್ಲಿ ದೊಡ್ಡದು. ಆದರೆ ಗುಣದಲ್ಲಿ ಅವರದ್ದಕ್ಕಿಂತ ಎಷ್ಟೋ ಸೌಮ್ಯ. ಯಾಕೆ ಹೀಗೆ ಹೇಳುತ್ತಿದ್ದೇನೆ ಅನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಬಿಡಿಸಿ ಹೇಳುತ್ತೇನೆ. ನಿಮ್ಮ ಹಾಗೆ ಬರೀ ಸೆಂಟಿಮೀಟರ್ ನೋಡಿ ಕಂಗಾಲಾದವರು, ಬರೀ ಸೆಂಟಿಮೀಟರ್ ನೋಡಿ ನಿಶ್ಚಿಂತೆಯಾದವರು ಇಬ್ಬರೂ ಬಹಳ ಜನ ಇದ್ದಾರೆ.

ಅಳತೆಗೆ ಬೆಲೆ ಇಲ್ಲ ಅಂತ ಅಲ್ಲ. ಗಡ್ಡೆ ಕಿಡ್ನಿಯೊಳಗೇ ಇದ್ದು 4 ಸೆಂ.ಮೀ. ದಾಟದಿದ್ದರೆ ಅದು ಪಿಟಿ 1ಎ (ಪಿಟಿ ಅಂದರೆ ತೆಗೆದ ಗಡ್ಡೆಯನ್ನು ನೋಡಿ ನಾವು ಕೊಡುವ ಸ್ಟೇಜ್). 4ರಿಂದ 7ರವರೆಗೆ 1ಬಿ. 7ರಿಂದ 10ರವರೆಗೆ 2ಎ. ಅದಕ್ಕೂ ಮೇಲಿದ್ದರೆ 2ಬಿ. ನಿಮ್ಮವರದ್ದು ಪಿಟಿ 2ಎ. ಆದರೆ ಗಡ್ಡೆ ಕಿಡ್ನಿಯ ಗಡಿ ದಾಟಿತು ಅಂದರೆ ಅಳತೆಯ ಮಾತು ಹಿಂದಕ್ಕೆ ಹೋಗುತ್ತದೆ. 3 ಸೆಂ.ಮೀ. ಗಡ್ಡೆಯೇ ಇರಲಿ, ಕಿಡ್ನಿಯ ರಕ್ತನಾಳದೊಳಗೆ ನುಗ್ಗಿದ್ದರೆ ಅಥವಾ ಕಿಡ್ನಿಯನ್ನು ಸುತ್ತಿಕೊಂಡ ಕೊಬ್ಬಿಗೆ ಇಳಿದಿದ್ದರೆ ಅದು ನೇರವಾಗಿ 3ಎ ಆಗುತ್ತದೆ. ನಿಮ್ಮ ಓಣಿಯವರದ್ದು ಹಾಗೆ ಆಗಿದೆ. ಅವರ ರಿಪೋರ್ಟಿನಲ್ಲಿ ‘ರೀನಲ್ ವೇನ್‌ನಲ್ಲಿ ಗಡ್ಡೆ ಇದೆ’ ಅಂತ ಸ್ಪಷ್ಟವಾಗಿ ಬರೆದಿದ್ದಾರೆ.

ಈ ರಕ್ತನಾಳಕ್ಕೆ ನುಗ್ಗುವ ಗುಣ ಕಿಡ್ನಿ ಕ್ಯಾನ್ಸರಿನಲ್ಲಿ ಎದ್ದು ಕಾಣುತ್ತದೆ. ಮೊದಲು ಕಿಡ್ನಿಯ ನಾಳ, ಅಲ್ಲಿಂದ ಹೊಟ್ಟೆಯ ದೊಡ್ಡ ರಕ್ತನಾಳ, ಕೆಲವರಲ್ಲಿ ಹೃದಯದ ಬಲಭಾಗದವರೆಗೂ ಅದು ಉದ್ದಕ್ಕೆ ಬೆಳೆದು ಹೋಗಿರುತ್ತದೆ. ಹೊಟ್ಟೆಯ ದೊಡ್ಡ ನಾಳದಲ್ಲಿ ವಪೆಗಿಂತ (ಎದೆಗೂ ಹೊಟ್ಟೆಗೂ ನಡುವಿನ ಪರದೆ) ಕೆಳಗಿದ್ದರೆ 3ಬಿ, ವಪೆ ದಾಟಿ ಮೇಲೆ ಹೋಗಿದ್ದರೆ 3ಸಿ. ಹಾಗೆ ಆದವರಿಗೂ ಆಪರೇಷನ್ ಮಾಡುತ್ತಾರೆ, ಚೆನ್ನಾಗಿ ಆದವರೂ ಇದ್ದಾರೆ. ಕೈಬಿಡುವ ಸ್ಥಿತಿ ಅಂತ ಯಾರೂ ತಿಳಿಯಬಾರದು.

ಕೊಬ್ಬಿನಲ್ಲಿ ಎರಡು ಜಾಗ ಇವೆ. ಹೊರಗಿನ ಕೊಬ್ಬಿಗೂ ಕಿಡ್ನಿಗೂ ನಡುವೆ ಗಟ್ಟಿ ಪೊರೆ ಇರುತ್ತದೆ. ಇನ್ನೊಂದು ಕೊಬ್ಬು ಒಳಗಡೆ, ಮೂತ್ರನಾಳ ಶುರುವಾಗುವ ತಗ್ಗಿನಲ್ಲಿ ಇದೆ. ಇದಕ್ಕೆ ರೀನಲ್ ಸೈನಸ್ ಅನ್ನುತ್ತಾರೆ. ಅಲ್ಲಿ ಪೊರೆ ಇಲ್ಲ, ತೆಳು ಗೋಡೆಯ ರಕ್ತನಾಳಗಳು ತುಂಬಿಕೊಂಡಿರುತ್ತವೆ. ಗಡ್ಡೆ ಬಹಳ ಸಲ ಹೊರಗೆ ಹೋಗುವುದು ಈ ದಾರಿಯಿಂದ. ಹಿಂದೆ ಈ ಜಾಗಕ್ಕೆ ಅಷ್ಟು ಗಮನ ಕೊಡುತ್ತಿರಲಿಲ್ಲ. ಈಗ 7 ಸೆಂ.ಮೀ. ಮೇಲಿನ ಗಡ್ಡೆ ಮೇಜಿಗೆ ಬಂದರೆ ನಾವು ಮೊದಲು ಹುಡುಕುವುದೇ ಅಲ್ಲಿ. ನಿಮ್ಮ ಯಜಮಾನರ ರಿಪೋರ್ಟಿನಲ್ಲಿ ಸೈನಸ್ ಕೊಬ್ಬಿನಲ್ಲಿ ಗಡ್ಡೆ ಇಲ್ಲ ಅಂತ ಬೇರೆ ಸಾಲೇ ಇದೆ. ಅಲ್ಲಿಂದ ಎಷ್ಟು ತುಂಡು ತೆಗೆದು ನೋಡಿದರು ಅಂತಲೂ ಬರೆದಿದ್ದಾರೆ. ಶ್ರದ್ಧೆಯಿಂದ ಮಾಡಿದ ಕೆಲಸ ಅದು. 9 ಸೆಂ.ಮೀ. ಗಡ್ಡೆಯಲ್ಲಿ ಆ ಸಾಲು ಓದಿ ನನಗೆ ಸಮಾಧಾನ ಆಯಿತು.

ಇನ್ನು ಗ್ರೇಡ್. ಸ್ಟೇಜ್ ಬೇರೆ, ಗ್ರೇಡ್ ಬೇರೆ. ಇವೆರಡನ್ನು ಕಲಸಿಕೊಂಡು ‘ನಾಲ್ಕನೇ ಸ್ಟೇಜ್ ಅಂತೆ’ ಅಂತ ಅಳುತ್ತಾ ಬಂದವರನ್ನು ನೋಡಿದ್ದೇನೆ. ಗಡ್ಡೆ ಎಲ್ಲಿಯವರೆಗೆ ಹೋಗಿದೆ ಅನ್ನುವುದು ಸ್ಟೇಜ್. ಜೀವಕೋಶ ನೋಡಲು ಎಷ್ಟು ಕೆಟ್ಟಿದೆ ಅನ್ನುವುದು ಗ್ರೇಡ್. ಪ್ರತಿ ಜೀವಕೋಶದ ನಡುವೆ ಒಂದು ಕೋಶಕೇಂದ್ರ ಇರುತ್ತದೆ. ಅದರೊಳಗೆ ನ್ಯೂಕ್ಲಿಯೋಲಸ್ ಅನ್ನುವ ಚುಕ್ಕೆ. 400 ಪಟ್ಟು ದೊಡ್ಡದು ಮಾಡಿ ನೋಡಿದರೂ ಆ ಚುಕ್ಕೆ ಸರಿಯಾಗಿ ಕಾಣದಿದ್ದರೆ ಗ್ರೇಡ್ 1. 400 ಪಟ್ಟಿನಲ್ಲಿ ಚೆನ್ನಾಗಿ ಕಂಡು, 100 ಪಟ್ಟಿನಲ್ಲಿ ಎದ್ದು ಕಾಣದಿದ್ದರೆ ಗ್ರೇಡ್ 2. 100 ಪಟ್ಟಿನಲ್ಲೇ ಕಣ್ಣಿಗೆ ಹೊಡೆದರೆ ಗ್ರೇಡ್ 3. ಕೋಶಕೇಂದ್ರಗಳು ಆಕಾರಗೆಟ್ಟು ದೈತ್ಯವಾಗಿದ್ದರೆ, ಅಥವಾ ಜೀವಕೋಶಗಳು ಉದ್ದುದ್ದ ಎಳೆಯಾಗಿ ಸಾರ್ಕೊಮಟಾಯ್ಡ್ ರೂಪ ತಾಳಿದ್ದರೆ ಗ್ರೇಡ್ 4. ಮೊದಲು 1982ರಲ್ಲಿ ಬಂದ ಫರ್ಮನ್ ಗ್ರೇಡ್ ಬಳಸುತ್ತಿದ್ದೆವು. ಅದರಲ್ಲಿ ಕೇಂದ್ರದ ಗಾತ್ರ, ಆಕಾರ, ಚುಕ್ಕೆ ಮೂರನ್ನೂ ಒಟ್ಟಿಗೆ ನೋಡಬೇಕಿತ್ತು. ಒಂದೇ ಸ್ಲೈಡಿಗೆ ಇಬ್ಬರು ಎರಡು ಗ್ರೇಡ್ ಕೊಡುವುದು ನಡೆಯುತ್ತಿತ್ತು. 2016ರಿಂದ ವಿಶ್ವ ಆರೋಗ್ಯ ಸಂಸ್ಥೆ ಚುಕ್ಕೆಯನ್ನೇ ಮುಖ್ಯವಾಗಿ ನೋಡುವ ಈ ಹೊಸ ಪದ್ಧತಿಯನ್ನು ಒಪ್ಪಿಕೊಂಡಿತು. ನಿಮ್ಮವರದ್ದು ಗ್ರೇಡ್ 2. ಓಣಿಯವರದ್ದು ಗ್ರೇಡ್ 4, ಸಾರ್ಕೊಮಟಾಯ್ಡ್ ಭಾಗವೂ ಇದೆ.

ಕೊನೆಯದು ನೆಕ್ರೋಸಿಸ್. ಅಂದರೆ ಗಡ್ಡೆಯ ನಡುವೆ ತಾನಾಗಿ ಸತ್ತ ಭಾಗ. ‘ಗಡ್ಡೆ ಸಾಯ್ತಿದೆ ಅಂದ್ರೆ ಒಳ್ಳೇದೇ ಅಲ್ವಾ’ ಅಂತ ಬಹಳ ಜನ ಕೇಳುತ್ತಾರೆ. ಅಲ್ಲ. ಗಡ್ಡೆ ರಕ್ತ ಸಾಲದಷ್ಟು ಜೋರಾಗಿ ಬೆಳೆದಾಗ ಹೀಗೆ ಆಗುತ್ತದೆ. ಕ್ಲಿಯರ್ ಸೆಲ್ ಅನ್ನುವ ಜಾತಿಯ ಕಿಡ್ನಿ ಕ್ಯಾನ್ಸರಿನಲ್ಲಿ ಇದು ಒಳ್ಳೆಯ ಗುರುತಲ್ಲ. ನಿಮ್ಮವರ ಗಡ್ಡೆಯಲ್ಲಿ ಇಲ್ಲ, ಅವರದ್ದರಲ್ಲಿ ಇದೆ.

ಈಗ ಇವನ್ನೆಲ್ಲ ಕೂಡಿಸೋಣ. 2003ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಲೀಬೊವಿಚ್ ಮತ್ತು ಜೊತೆಯವರು ಒಂದು ಅಂಕದ ಪದ್ಧತಿ ಕೊಟ್ಟರು. ಆಪರೇಷನ್ ಆಗುವಾಗ ದೂರಕ್ಕೆ ಹರಡಿರದ 1,671 ಕ್ಲಿಯರ್ ಸೆಲ್ ರೋಗಿಗಳನ್ನು ನೋಡಿ ಮಾಡಿದ್ದು. ಪಿಟಿ 1ಎಗೆ ಸೊನ್ನೆ, 1ಬಿಗೆ 2, ಪಿಟಿ 2ಕ್ಕೆ 3, ಪಿಟಿ 3 ಅಥವಾ 4ಕ್ಕೆ 4 ಅಂಕ. ದುಗ್ಧಗ್ರಂಥಿಗೆ ಹರಡಿದ್ದರೆ 2. ಗಡ್ಡೆ 10 ಸೆಂ.ಮೀ. ಅಥವಾ ಮೇಲಿದ್ದರೆ 1. ಗ್ರೇಡ್ 3ಕ್ಕೆ 1, ಗ್ರೇಡ್ 4ಕ್ಕೆ 3. ನೆಕ್ರೋಸಿಸ್‌ಗೆ 1. ಒಟ್ಟು 2ರವರೆಗೆ ಬಂದರೆ ಕಡಿಮೆ ಅಪಾಯ. 3ರಿಂದ 5 ಮಧ್ಯಮ. 6 ಅಥವಾ ಮೇಲಾದರೆ ಹೆಚ್ಚು. ಐದು ವರ್ಷದಲ್ಲಿ ಬೇರೆ ಕಡೆ ಹರಡದೆ ಉಳಿದವರು ಮೊದಲ ಗುಂಪಿನಲ್ಲಿ 100ಕ್ಕೆ 97, ಎರಡನೆಯದರಲ್ಲಿ 74, ಮೂರನೆಯದರಲ್ಲಿ 31. ನಿಮ್ಮ ಯಜಮಾನರಿಗೆ ಬಂದದ್ದು 3 ಅಂಕ. ಮಧ್ಯಮ ಗುಂಪಿನ ಮೊದಲ ಮೆಟ್ಟಿಲು. ಓಣಿಯವರಿಗೆ 8. ಅವರ ಗಡ್ಡೆ ಚಿಕ್ಕದು ಅನ್ನುವ ಒಂದೇ ಕಾರಣಕ್ಕೆ ಯಾರಾದರೂ ಏನೂ ಆಗಲ್ಲ ಅಂತ ಧೈರ್ಯ ಹೇಳಿದ್ದರೆ, ಪೂರ್ತಿ ರಿಪೋರ್ಟ್ ಓದದೆ ಹೇಳಿದ ಮಾತು ಅದು.

ನಿಮ್ಮವರು ಆ 74ರಲ್ಲಿ ಇದ್ದಾರೋ ಉಳಿದ 26ರಲ್ಲೋ ಅಂತ ಯಾವ ಸ್ಲೈಡೂ ಹೇಳುವುದಿಲ್ಲ. ಅಂಕಿ ಹೇಳುವುದು ಇಷ್ಟು: ಭಯದಲ್ಲಿ ಬದುಕಬೇಕಾಗಿಲ್ಲ, ಸ್ಕ್ಯಾನ್ ತಪ್ಪಿಸುವ ಹಾಗೂ ಇಲ್ಲ. ಎದೆ ಮತ್ತು ಹೊಟ್ಟೆಯ ಸಿಟಿ ಸ್ಕ್ಯಾನಿಗೆ ನಿಮ್ಮ ಸರ್ಜನ್ ಕೊಟ್ಟ ತಾರೀಕುಗಳನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಐದು ವರ್ಷ ಮುಗಿದ ಮೇಲೂ ವರ್ಷಕ್ಕೊಮ್ಮೆ ತೋರಿಸಿ. ಈ ಕ್ಯಾನ್ಸರ್ ಹತ್ತು ವರ್ಷ ಸುಮ್ನಿದ್ದು ಮತ್ತೆ ಬಂದ ಉದಾಹರಣೆಗಳಿವೆ. ನಿಮ್ಮ ಓಣಿಯವರಿಗೆ ಕೆಳಗಿನ ಚಳ್ಳಕೆರೆ ಪತ್ರದ ಉತ್ತರ ಓದಲು ಹೇಳಿ. ಸಾರ್ಕೊಮಟಾಯ್ಡ್ ಅಂದರೆ ಮೊದಲು ನಾವು ತಲೆ ತಗ್ಗಿಸುತ್ತಿದ್ದೆವು. ಈಗಿನ ಇಮ್ಯುನೋಥೆರಪಿಗೆ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ಔಷಧಿ) ಆ ಗಡ್ಡೆಗಳೇ ಚೆನ್ನಾಗಿ ಬಗ್ಗುತ್ತಿವೆ.

ಪ್ರಶ್ನೆ: ನನ್ನ ರಿಪೋರ್ಟಿನಲ್ಲಿ ಕ್ರೋಮೋಫೋಬ್ ಅಂತ ಇದೆ, ಗ್ರೇಡ್ ಬರೆದೇ ಇಲ್ಲ. ಲ್ಯಾಬಿನವರು ಮರೆತಿದ್ದಾರಾ? ಕ್ಲಿಯರ್ ಸೆಲ್ ಅಂದರೆ ಕ್ಯಾನ್ಸರ್ ಕ್ಲಿಯರ್ ಆಗಿದೆ ಅಂತ ನಮ್ಮ ಶಾಲೆಯಲ್ಲಿ ಒಬ್ಬರು ಹೇಳಿದರು. ನನಗೆ ಅದು ಬಂದಿಲ್ಲ ಅಂತ ಬೇಜಾರಾಗಿದೆ.
— ಶಿಕ್ಷಕಿ, ಹಿರಿಯೂರು

ಉತ್ತರ: ಬೇಜಾರು ಬಿಡಿ ಮೇಡಂ, ಸಂತೋಷಪಡುವ ವಿಷಯ ಇದು. ಕ್ರೋಮೋಫೋಬ್ ಕಿಡ್ನಿ ಕ್ಯಾನ್ಸರ್‌ಗಳಲ್ಲಿ ಸೌಮ್ಯವಾದ ಜಾತಿ. 100ರಲ್ಲಿ ಸುಮಾರು 5 ಜನರಿಗೆ ಬರುತ್ತದೆ. ಅದರ ಕೋಶಕೇಂದ್ರಗಳು ಹುಟ್ಟಿನಿಂದಲೇ ಸುಕ್ಕುಗಟ್ಟಿ ವಿಕಾರವಾಗಿ ಕಾಣುತ್ತವೆ, ಗ್ರೇಡ್ ಕೊಟ್ಟರೆ ಸುಮ್ನೆ ಜಾಸ್ತಿ ಬರುತ್ತದೆ. ಅದಕ್ಕೇ ಗ್ರೇಡ್ ಕೊಡಬಾರದು ಅಂತ ನಿಯಮ. ನಿಮ್ಮ ಲ್ಯಾಬಿನವರು ಸರಿಯಾಗಿಯೇ ಮಾಡಿದ್ದಾರೆ. ಸಾರ್ಕೊಮಟಾಯ್ಡ್ ಭಾಗ ಇದೆಯಾ ಅಂತ ಮಾತ್ರ ನೋಡಿಕೊಳ್ಳಿ. ನಿಮ್ಮ ರಿಪೋರ್ಟಿನಲ್ಲಿ ಇಲ್ಲ.

ಕ್ಲಿಯರ್ ಸೆಲ್ ಅನ್ನುವುದು ಕ್ಯಾನ್ಸರಿನ ಒಂದು ಜಾತಿ. ಕಿಡ್ನಿ ಕ್ಯಾನ್ಸರಿನಲ್ಲಿ ಹತ್ತಕ್ಕೆ ಏಳಕ್ಕಿಂತ ಜಾಸ್ತಿ ಇದೇ. ಕೊಯ್ದಾಗ ಹೊಂಬಣ್ಣದ ಹಳದಿ, ನಡುನಡುವೆ ರಕ್ತದ ಕಲೆ. ಆ ಹಳದಿ ಕೊಬ್ಬಿನದು. ಸ್ಲೈಡ್ ಮಾಡುವಾಗ ರಾಸಾಯನಿಕಗಳಲ್ಲಿ ಆ ಕೊಬ್ಬು ಮತ್ತು ಗ್ಲೈಕೋಜನ್ ಕರಗಿಹೋಗಿ ಜೀವಕೋಶ ಖಾಲಿ, ಬೆಳ್ಳಗೆ ಕಾಣುತ್ತದೆ. ಹೆಸರು ಬಂದದ್ದು ಹಾಗೆ. ಇದರಲ್ಲಿ ಬಹುಪಾಲು ಗಡ್ಡೆಗಳಲ್ಲಿ ವಿಎಚ್‌ಎಲ್ ಅನ್ನುವ ಜೀನ್ ಕೆಟ್ಟಿರುತ್ತದೆ. ಆ ಜೀನ್ ಕೆಟ್ಟರೆ ಜೀವಕೋಶ ತನಗೆ ಆಮ್ಲಜನಕ ಸಾಲುತ್ತಿಲ್ಲ ಅಂತ ತಪ್ಪು ತಿಳಿದು, ಹೊಸ ರಕ್ತನಾಳ ಬೆಳೆಸಲು ಸಂದೇಶ ಕಳಿಸುತ್ತಲೇ ಇರುತ್ತದೆ. ಆಮ್ಲಜನಕದ ಈ ಲೆಕ್ಕಾಚಾರವನ್ನು ಬಿಡಿಸಿದ ಕೇಲಿನ್, ರಾಟ್‌ಕ್ಲಿಫ್, ಸೆಮೆನ್ಜಾ ಅವರಿಗೆ 2019ರಲ್ಲಿ ನೊಬೆಲ್ ಬಂತು. ಸುನಿಟಿನಿಬ್, ಪಜೋಪನಿಬ್ ಮಾತ್ರೆಗಳು ಆ ಸಂದೇಶವನ್ನೇ ತಡೆಯುತ್ತವೆ. ನಿಮಗೆ ಇವು ಯಾವುವೂ ಈಗ ಬೇಕಿಲ್ಲ. ಮೇಲೆ ಹೇಳಿದ 2003ರ ಅಂಕದ ಲೆಕ್ಕವನ್ನೂ ನಿಮ್ಮ ರಿಪೋರ್ಟಿಗೆ ಹಾಕಬೇಡಿ, ಅದು ಕ್ಲಿಯರ್ ಸೆಲ್‌ಗೆ ಮಾತ್ರ.

ಪ್ರಶ್ನೆ: ನಮ್ಮ ತಂದೆಯ ಕಿಡ್ನಿ ತೆಗೆದ ಮೇಲೆ ಒಂದು ಡಬ್ಬದಲ್ಲಿ ಹಾಕಿ ನಮ್ಮ ಕೈಗೇ ಕೊಟ್ಟರು, ಟೆಸ್ಟಿಗೆ ಕೊಡಿ ಅಂದರು. ಗಡ್ಡೆಯಂತೂ ಹೋಯಿತಲ್ಲ, ಮತ್ತೆ ಟೆಸ್ಟ್ ಯಾಕೆ, ಖರ್ಚು ಯಾಕೆ ಅಂತ ಮನೆಯಲ್ಲಿ ಮಾತಾಗುತ್ತಿದೆ.
— ಓದುಗರು, ಹರಿಹರ

ಉತ್ತರ: ದಯವಿಟ್ಟು ಈ ಪತ್ರಿಕೆ ನಿಮ್ಮ ಕೈಗೆ ಬರುವ ಮೊದಲೇ ಕೊಟ್ಟುಬಿಟ್ಟಿರಲಿ. ಪತ್ರ ನೋಡಿದ ದಿನವೇ ಸಂಪಾದಕರಿಂದ ನಿಮಗೆ ಫೋನ್ ಮಾಡಿಸಿದ್ದೇನೆ.

ಸ್ಕ್ಯಾನಿನಲ್ಲಿ ಅಳತೆ ಕಾಣುತ್ತದೆ. ದೊಡ್ಡ ನಾಳದೊಳಗಿನ ಗಡ್ಡೆ ಕಾಣುತ್ತದೆ. ಜಾತಿ, ಗ್ರೇಡ್, ನೆಕ್ರೋಸಿಸ್, ಸೈನಸ್ ಕೊಬ್ಬಿನ ಸಣ್ಣ ನಾಳಕ್ಕೆ ಇಳಿದದ್ದು, ಇವೆಲ್ಲ ತೆಗೆದ ಕಿಡ್ನಿಯನ್ನು ನೋಡಿದರೆ ಮಾತ್ರ ಖಚಿತ. ಅಪ್ಪಾಜಿಗೆ ಮುಂದೆ ಎಷ್ಟು ಸಲ ಸ್ಕ್ಯಾನ್ ಬೇಕು, ಔಷಧಿ ಬೇಕೋ ಬೇಡವೋ, ಎಲ್ಲ ಈ ಒಂದು ರಿಪೋರ್ಟಿನ ಮೇಲೆ ನಿಂತಿದೆ.

ಒಮ್ಮೆ ನಮ್ಮ ಲ್ಯಾಬಿಗೆ ಹೊರಗಿನ ಊರಿನ ಒಂದು ನರ್ಸಿಂಗ್ ಹೋಮಿನಿಂದ ಒಂದು ಕಿಡ್ನಿ ಬಂತು. ಪ್ಲಾಸ್ಟಿಕ್ ಕವರಿನಲ್ಲಿ, ಬರೀ ಸಲೈನ್ ನೀರಿನಲ್ಲಿ, ಎರಡು ದಿನ ಇಟ್ಟು ಕಳಿಸಿದ್ದರು. ಬೇಸಿಗೆ ಬೇರೆ. ಕೊಯ್ದಾಗ ಒಳಗೆಲ್ಲ ಕೊಳೆತಿತ್ತು. ಕ್ಯಾನ್ಸರ್ ಅಂತ ಹೇಳಲು ಆಯಿತು. ಗ್ರೇಡ್ ಕೊಡಲು ಆಗಲಿಲ್ಲ. ನೆಕ್ರೋಸಿಸ್ ಯಾವುದು, ಕೊಳೆತದ್ದು ಯಾವುದು ಅಂತ ಬೇರೆ ಮಾಡಲೂ ಆಗಲಿಲ್ಲ. ಆ ಮನುಷ್ಯನಿಗೆ ನಲವತ್ತು ದಾಟಿತ್ತಷ್ಟೆ. ಆಪರೇಷನ್ನಿಗೆ ಸಾಲ ಮಾಡಿದ ಮನೆ. ಯಾವ ಗುಂಪಿಗೆ ಸೇರಿದವರು ಅಂತಲೇ ಗೊತ್ತಿಲ್ಲದೆ ಅವರು ಮುಂದಿನ ವರ್ಷಗಳನ್ನು ಕಳೆಯಬೇಕಾಯಿತು. ಅದು ನೆನಪಾದಾಗ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಡಬ್ಬ ನಿಮ್ಮ ಕೈಗೆ ಕೊಟ್ಟರೆ ನೋಡಬೇಕಾದದ್ದು ಹೀಗೆ. ಒಳಗಿರುವುದು ಫಾರ್ಮಲಿನ್ ಅಂತ ಕೇಳಿ ಖಚಿತ ಮಾಡಿಕೊಳ್ಳಿ, ಮೂಗಿಗೆ ಘಾಟು ಹೊಡೆಯುತ್ತದೆ. ಕಿಡ್ನಿಯ ಹತ್ತರಷ್ಟು ಫಾರ್ಮಲಿನ್ ಇದ್ದರೆ ಒಳ್ಳೆಯದು. ಡಬ್ಬದ ಬಾಯಿ ಅಗಲ ಇರಬೇಕು. ಚೀಟಿಯಲ್ಲಿ ಹೆಸರು, ವಯಸ್ಸು, ಬಲವೋ ಎಡವೋ ಇರಬೇಕು. ಚೀಟಿ ಮುಚ್ಚಳಕ್ಕಲ್ಲ, ಡಬ್ಬಕ್ಕೆ ಅಂಟಿಸಿರಬೇಕು. ಸ್ಕ್ಯಾನ್ ರಿಪೋರ್ಟಿನ ಜೆರಾಕ್ಸ್ ಜೊತೆಗೆ ಕೊಡಿ. ಅದೇ ದಿನ ಲ್ಯಾಬಿಗೆ ಮುಟ್ಟಿಸಿ, ಅವರು ಕೊಯ್ದು ಒಳಗೂ ಫಾರ್ಮಲಿನ್ ಹೋಗುವಂತೆ ಮಾಡುತ್ತಾರೆ. ಮನೆಯಲ್ಲಿ ಫ್ರಿಜ್ಜಿನಲ್ಲಿ ಇಡಬೇಡಿ. ರಿಪೋರ್ಟ್ ಬಂದ ಮೇಲೆ ಮೇಣದ ಬ್ಲಾಕ್ ಮತ್ತು ಸ್ಲೈಡ್ ಎಲ್ಲಿರುತ್ತವೆ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಮುಂದೆ ಬೆಂಗಳೂರಿನ ಕಿದ್ವಾಯಿಗೋ ಮಣಿಪಾಲಕ್ಕೋ ಹೋದರೆ ಮೊದಲು ಕೇಳುವುದು ಅವನ್ನೇ.

ಪ್ರಶ್ನೆ: ನನಗೆ 49. ಆಪರೇಷನ್ ಆಗಿ ಒಂದು ತಿಂಗಳಾಯಿತು. ಕ್ಲಿಯರ್ ಸೆಲ್, ಪಿಟಿ 3ಎ, ಗ್ರೇಡ್ 3, ನೆಕ್ರೋಸಿಸ್ ಇಲ್ಲ. ಸ್ಕ್ಯಾನಿನಲ್ಲಿ ಈಗ ಏನೂ ಇಲ್ಲ. ಆದರೂ ಒಂದು ವರ್ಷ ಇಮ್ಯುನೋಥೆರಪಿ ತಗೊಳ್ಳಬಹುದು ಅಂತ ಹೇಳಿದ್ದಾರೆ. ಖರ್ಚಿಗೆ ಅಡಿಕೆ ತೋಟ ಅಡ ಇಡಬೇಕಾಗುತ್ತದೆ. ಏನು ಮಾಡಲಿ?
— ರೈತರು, ಚನ್ನಗಿರಿ ತಾಲ್ಲೂಕು

ಉತ್ತರ: ಮೇಲಿನ ಲೆಕ್ಕದಲ್ಲಿ ನಿಮ್ಮ ಅಂಕ 5. ಮಧ್ಯಮ ಗುಂಪಿನ ಮೇಲಿನ ತುದಿ. ಹಾಗಾಗಿ ನಿಮ್ಮ ಡಾಕ್ಟರ್ ಸುಮ್ನೆ ಹೇಳಿಲ್ಲ, ಆ ಔಷಧಿಯ ಪರೀಕ್ಷೆಗೆ ಸೇರಿಸಿದ್ದು ನಿಮ್ಮಂಥವರನ್ನೇ. ಪೆಂಬ್ರೊಲಿಝುಮಾಬ್ ಅಂತ ಅದರ ಹೆಸರು. ಮೂರು ವಾರಕ್ಕೊಮ್ಮೆ ಡ್ರಿಪ್, ಒಟ್ಟು 17 ಸಲ. 2024ರಲ್ಲಿ ಬಂದ ಫಲಿತಾಂಶದ ಪ್ರಕಾರ, ನಾಲ್ಕು ವರ್ಷದ ಹೊತ್ತಿಗೆ ಬದುಕಿದ್ದವರು ಔಷಧಿ ಪಡೆದ ಗುಂಪಿನಲ್ಲಿ 100ಕ್ಕೆ 91, ಪಡೆಯದ ಗುಂಪಿನಲ್ಲಿ 86. ಕಿಡ್ನಿ ಕ್ಯಾನ್ಸರ್ ಆಪರೇಷನ್ ಆದ ಮೇಲೆ ಕೊಟ್ಟು ಆಯಸ್ಸು ಹೆಚ್ಚಿದೆ ಅಂತ ತೋರಿಸಿದ ಮೊದಲ ಔಷಧಿ ಇದು. ನನಗೆ ಬಹಳ ಖುಷಿ ಕೊಟ್ಟ ಸುದ್ದಿ.

ಈಗ ಅದೇ ಅಂಕಿಯನ್ನು ಇನ್ನೊಂದು ಕಡೆಯಿಂದ ನೋಡಿ. 100 ಜನರಲ್ಲಿ 86 ಮಂದಿ ಔಷಧಿ ಇಲ್ಲದೆಯೂ ನಾಲ್ಕು ವರ್ಷ ದಾಟಿದರು. ಔಷಧಿಯಿಂದ ಹೆಚ್ಚಿಗೆ ಉಳಿದವರು 5. ಥೈರಾಯ್ಡ್ ಕೆಡುವುದು, ಅಡ್ರಿನಲ್ ಗ್ರಂಥಿ ಕೆಡುವುದು, ಕರುಳು ಇಲ್ಲವೇ ಶ್ವಾಸಕೋಶದ ಉರಿಯೂತ ಕೆಲವರಿಗೆ ಬರುತ್ತವೆ. ಕೆಲವು ಜೀವನಪೂರ್ತಿ ಉಳಿಯುತ್ತವೆ. ಸರ್ಕಾರದ ಆರೋಗ್ಯ ಯೋಜನೆಯಲ್ಲೋ ವಿಮೆಯಲ್ಲೋ ಸಿಕ್ಕರೆ ತಗೊಳ್ಳಿ ಅಂತ ಖಂಡಿತ ಹೇಳುತ್ತೇನೆ. ದೊಡ್ಡ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ, ಅವರನ್ನು ಕೇಳಿ. ಔಷಧಿ ಕಂಪನಿಯ ರಿಯಾಯಿತಿ ಇದೆಯಾ ಅಂತ ಆಂಕಾಲಜಿ ವಿಭಾಗದಲ್ಲೂ ಕೇಳಿ. ತೋಟ ಹೋದರೆ ಮಕ್ಕಳ ಓದು ನಿಲ್ಲುತ್ತದೆ ಅನ್ನುವ ಸ್ಥಿತಿ ಇದ್ದರೆ, ಔಷಧಿ ಬಿಟ್ಟು ಸ್ಕ್ಯಾನನ್ನು ಕಟ್ಟುನಿಟ್ಟಾಗಿ ಮಾಡಿಸಿಕೊಂಡು ಹೋಗುವುದೂ ಒಂದು ಸರಿಯಾದ ದಾರಿ. ಅದು ಜೀವವನ್ನು ಕಡೆಗಣಿಸಿದ ಹಾಗಲ್ಲ. ಯಾರೂ ನಿಮಗೆ ಆ ಪಾಪಭಾವ ಹೊರಿಸಬಾರದು. ಆದರೆ ತೀರ್ಮಾನ ತಡ ಮಾಡಬೇಡಿ. ಆ ಪರೀಕ್ಷೆಯಲ್ಲಿ ಆಪರೇಷನ್ ಆದ 12 ವಾರದೊಳಗೆ ಔಷಧಿ ಶುರು ಮಾಡಿದ್ದರು. ನಿಮಗೆ ಇನ್ನೂ ಸಮಯ ಇದೆ.

ಪ್ರಶ್ನೆ: ಅಪ್ಪನಿಗೆ 66 ವರ್ಷ. ಕಿಡ್ನಿ ಗಡ್ಡೆ ಸಿಕ್ಕಾಗಲೇ ಶ್ವಾಸಕೋಶದಲ್ಲೂ ಇತ್ತು. ಸೂಜಿ ಬಯಾಪ್ಸಿಯಲ್ಲಿ ಕ್ಲಿಯರ್ ಸೆಲ್ ಅಂತ ಬಂದಿದೆ. ಹಿಮೋಗ್ಲೋಬಿನ್ 9.8. ಕ್ಯಾಲ್ಶಿಯಂ, ಪ್ಲೇಟ್‌ಲೆಟ್, ಬಿಳಿ ರಕ್ತಕಣ ಸರಿಯಾಗಿವೆ. ಓಡಾಡಿಕೊಂಡು, ಅಂಗಡಿಗೆ ಹೋಗಿ ಬರುತ್ತಾರೆ. ಅವರಿಗೆ ಇನ್ನೂ ಹೇಳಿಲ್ಲ. ಎಷ್ಟು ತಿಂಗಳು ಅಂತ ಮುಚ್ಚಿಡದೆ ಹೇಳಿ ಮೇಡಂ.
— ಮಗ, ಚಳ್ಳಕೆರೆ

ಉತ್ತರ: ತಮ್ಮಾ, ತಿಂಗಳು ಎಣಿಸುವ ಮೊದಲು ಅಪ್ಪ ಯಾವ ಗುಂಪಿನಲ್ಲಿದ್ದಾರೆ ಅಂತ ನೋಡೋಣ. ಹರಡಿದ ಮೇಲೆ ಗಡ್ಡೆಯ ಗ್ರೇಡಿಗಿಂತ ದೇಹ ಕೊಡುವ ಸೂಚನೆಗಳೇ ಜಾಸ್ತಿ ಹೇಳುತ್ತವೆ. 2009ರಲ್ಲಿ ಕೆನಡಾದ ಡಾ. ಡೇನಿಯಲ್ ಹೆಂಗ್ ಮತ್ತು ಜೊತೆಯವರು ಆರು ಸೂಚನೆ ಗುರುತಿಸಿದರು. ಹಿಮೋಗ್ಲೋಬಿನ್ ಕಡಿಮೆ, ಕ್ಯಾಲ್ಶಿಯಂ ಜಾಸ್ತಿ, ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣ ಜಾಸ್ತಿ, ಪ್ಲೇಟ್‌ಲೆಟ್ ಜಾಸ್ತಿ, ರೋಗ ಗೊತ್ತಾದ ಒಂದು ವರ್ಷದೊಳಗೇ ಔಷಧಿ ಬೇಕಾದದ್ದು, ಮತ್ತು ದಿನದ ಮಾಮೂಲಿ ಕೆಲಸ, ಓಡಾಟ ಮಾಡಲಾಗದಷ್ಟು ನಿತ್ರಾಣ. ಒಂದೂ ಇಲ್ಲದಿದ್ದರೆ ಒಳ್ಳೆಯ ಗುಂಪು. ಒಂದು ಅಥವಾ ಎರಡಿದ್ದರೆ ಮಧ್ಯಮ. ಮೂರು ಅಥವಾ ಜಾಸ್ತಿ ಇದ್ದರೆ ಕಷ್ಟದ ಗುಂಪು. ಅಪ್ಪನಿಗೆ ಎರಡು: ಹಿಮೋಗ್ಲೋಬಿನ್ ಮತ್ತು ಒಂದು ವರ್ಷದ ಲೆಕ್ಕ. ಅವರು ಮಧ್ಯಮ ಗುಂಪು. ಅಂಗಡಿಗೆ ನಡೆದು ಹೋಗುತ್ತಾರೆ ಅಂತ ಬರೆದಿದ್ದೀಯಲ್ಲ, ಅದು ಈ ಲೆಕ್ಕದಲ್ಲಿ ದೊಡ್ಡ ಮಾತು.

2018ರಲ್ಲಿ ನಿವೊಲುಮಾಬ್ ಮತ್ತು ಇಪಿಲಿಮುಮಾಬ್ ಎರಡನ್ನೂ ಒಟ್ಟಿಗೆ ಕೊಟ್ಟ ಪರೀಕ್ಷೆಯ ಫಲಿತಾಂಶ ಬಂತು. ಮಧ್ಯಮ ಮತ್ತು ಕಷ್ಟದ ಗುಂಪಿನವರಲ್ಲಿ ಮುಂದೆ ಐದು ವರ್ಷದ ಲೆಕ್ಕ ಬಂದಾಗ, ಅರ್ಧದಷ್ಟು ಜನ ಸುಮಾರು 47 ತಿಂಗಳು ದಾಟಿದ್ದರು. ಸುನಿಟಿನಿಬ್ ಮಾತ್ರೆ ಪಡೆದವರಲ್ಲಿ ಅದು ಸುಮಾರು 27 ತಿಂಗಳು. ಕೆಲವರಲ್ಲಿ ಗಡ್ಡೆ ಸ್ಕ್ಯಾನಿನಲ್ಲಿ ಕಾಣದಷ್ಟು ಕರಗಿತು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಇಂಥದ್ದನ್ನು ಯಾರೂ ಊಹಿಸಿರಲಿಲ್ಲ. ಬಯಾಪ್ಸಿ ರಿಪೋರ್ಟಿನಲ್ಲಿ ಸಾರ್ಕೊಮಟಾಯ್ಡ್ ಅಂತ ಇದೆಯಾ ನೋಡು. ಇದ್ದರೆ ಅದನ್ನು ಆಂಕಾಲಜಿಸ್ಟ್‌ಗೆ ಬೆರಳಿಟ್ಟು ತೋರಿಸು, ಇಮ್ಯುನೋಥೆರಪಿ ಕಡೆಗೆ ಒಲಿಯಲು ಅದು ಬಲವಾದ ಕಾರಣ.

ಅಪ್ಪನಿಗೆ ಹೇಳು. ತಿಂಗಳ ಲೆಕ್ಕ ಹೇಳಬೇಕಿಲ್ಲ, ರೋಗದ ಹೆಸರು ಮತ್ತು ಚಿಕಿತ್ಸೆ ಇದೆ ಅನ್ನುವುದನ್ನು ಹೇಳು. ಡ್ರಿಪ್ ಹಾಕಿಸಿಕೊಂಡ ಮೇಲೆ ಬೇಧಿ, ದಮ್ಮು, ವಿಪರೀತ ಸುಸ್ತು ಶುರುವಾದರೆ ತಕ್ಷಣ ನಿನಗೆ ಹೇಳಬೇಕಾದವರು ಅವರೇ. ಏನಾಗಿದೆ ಅಂತ ಗೊತ್ತಿಲ್ಲದವರು ಇದನ್ನೆಲ್ಲ ನುಂಗಿಕೊಂಡು ಕೂತುಬಿಡುತ್ತಾರೆ.

ಪ್ರಶ್ನೆ: ನಮ್ಮ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕಿಡ್ನಿ ಕ್ಯಾನ್ಸರ್ ಅದರಿಂದಲೇ ಬರುತ್ತಾ?
— ಓದುಗರು, ಹೊಸದುರ್ಗ

ಉತ್ತರ: ಫ್ಲೋರೈಡ್ ಹಲ್ಲು, ಮೂಳೆ ಕೆಡಿಸುತ್ತದೆ. ಅದಕ್ಕಾಗಿ ಶುದ್ಧ ನೀರಿನ ಘಟಕದ ನೀರೇ ಕುಡಿಯಿರಿ. ಕಿಡ್ನಿ ಕ್ಯಾನ್ಸರ್‌ಗೆ ಅದೇ ಕಾರಣ ಅಂತ ಸಾಬೀತಾಗಿಲ್ಲ. ಸಾಬೀತಾದ ಕಾರಣಗಳು ಬೀಡಿ ಸಿಗರೇಟು, ಬೊಜ್ಜು, ಬಿಪಿ.

ಪ್ರಶ್ನೆ: ಮೂತ್ರದಲ್ಲಿ ಎರಡು ಸಲ ರಕ್ತ ಹೋಯಿತು. ನೋವಿಲ್ಲ. ಉಷ್ಣ ಅಂತ ಅತ್ತೆ ಬಾರ್ಲಿ ನೀರು, ಎಳನೀರು ಕೊಟ್ಟರು. ನಿಂತಿತು. ಬಿಡಬಹುದಾ?
— ಓದುಗರು, ಜಗಳೂರು

ಉತ್ತರ: ಬಿಡಬೇಡಿ. ನೋವಿಲ್ಲದೆ ರಕ್ತ ಹೋಗಿದ್ದಕ್ಕೇ ನನಗೆ ಜಾಸ್ತಿ ಚಿಂತೆ. ಕಲ್ಲಿನ ರಕ್ತಕ್ಕೆ ಸಾಮಾನ್ಯವಾಗಿ ನೋವಿರುತ್ತದೆ. ಗಡ್ಡೆಯ ರಕ್ತ ಬಂದು ತಾನಾಗಿ ನಿಲ್ಲುತ್ತದೆ, ಜನ ಗುಣವಾಯಿತು ಅಂದುಕೊಳ್ಳುತ್ತಾರೆ. ಈ ವಾರವೇ ಹೊಟ್ಟೆಯ ಅಲ್ಟ್ರಾಸೌಂಡ್ ಮತ್ತು ಮೂತ್ರ ಪರೀಕ್ಷೆ ಮಾಡಿಸಿ, ಯುರಾಲಜಿಸ್ಟ್‌ಗೆ ತೋರಿಸಿ. ಕಿಡ್ನಿಯೊಳಗೇ ಇರುವಾಗ ಸಿಕ್ಕವರಲ್ಲಿ 100ಕ್ಕೆ 90ಕ್ಕಿಂತ ಜಾಸ್ತಿ ಜನ ಐದು ವರ್ಷ ದಾಟುತ್ತಾರೆ ಅಂತ ಅಮೆರಿಕದ ಲೆಕ್ಕ ಹೇಳುತ್ತದೆ. ದೂರಕ್ಕೆ ಹರಡಿದ ಮೇಲೆ ಸಿಕ್ಕರೆ 20ಕ್ಕಿಂತ ಕಡಿಮೆ. ಅತ್ತೆಯವರಿಗೂ ಈ ಅಂಕಿ ಓದಿ ಹೇಳಿ, ಜೊತೆಗೆ ಅವರನ್ನೇ ಕರೆದುಕೊಂಡು ಹೋಗಿ.

ಪ್ರಶ್ನೆ: ನನಗೆ 38ನೇ ವಯಸ್ಸಿಗೇ ಎರಡೂ ಕಿಡ್ನಿಯಲ್ಲಿ ಚಿಕ್ಕ ಚಿಕ್ಕ ಗಡ್ಡೆ ಸಿಕ್ಕಿವೆ. ಮಕ್ಕಳಿಗೆ ಬರುತ್ತಾ?
— ಓದುಗರು, ಹೊಳಲ್ಕೆರೆ

ಉತ್ತರ: ಬಹುಪಾಲು ಕಿಡ್ನಿ ಕ್ಯಾನ್ಸರ್ ವಂಶದಿಂದ ಬರುವುದಿಲ್ಲ. ಆದರೆ ಚಿಕ್ಕ ವಯಸ್ಸು, ಎರಡೂ ಕಡೆ, ಒಂದಕ್ಕಿಂತ ಜಾಸ್ತಿ ಗಡ್ಡೆ, ಈ ಮೂರೂ ನಿಮ್ಮಲ್ಲಿವೆ. 46 ವರ್ಷದೊಳಗೆ ಬಂದವರಿಗೆ ಜೀನ್ ಪರೀಕ್ಷೆಯ ಸಲಹೆ ಕೊಡಬೇಕು ಅಂತಲೇ ನಿಯಮ ಇದೆ. ವಿಎಚ್‌ಎಲ್ ಜೀನ್ ಹುಟ್ಟಿನಿಂದಲೇ ಕೆಟ್ಟಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಕಣ್ಣಿನ ಪರದೆ, ಮೆದುಳು, ಬೆನ್ನುಹುರಿಯಲ್ಲೂ ಗಡ್ಡೆ ಬರಬಹುದು. ನಿಮ್ಮ ಅಪ್ಪ, ಅಮ್ಮ, ಅಣ್ಣತಮ್ಮಂದಿರು, ಅಕ್ಕತಂಗಿಯರಲ್ಲಿ ಯಾರಿಗಾದರೂ ಇವು ಇದ್ದವಾ ಅಂತ ಕೇಳಿ ಬರೆದುಕೊಳ್ಳಿ. ಪರೀಕ್ಷೆ ಮೊದಲು ನಿಮಗೆ, ನಿಮ್ಮ ರಕ್ತದಲ್ಲಿ. ಅದರಲ್ಲಿ ದೋಷ ಸಿಕ್ಕರೆ ಮಾತ್ರ ಮಕ್ಕಳಿಗೆ. ಅಲ್ಲಿಯವರೆಗೆ ಎರಡೂ ಕಿಡ್ನಿ ತೆಗೆಸಲು ಯಾರಾದರೂ ಆತುರಪಡಿಸಿದರೆ ಒಪ್ಪಬೇಡಿ. ವಿಎಚ್‌ಎಲ್‌ನ ಗಡ್ಡೆಯಾಗಿದ್ದರೆ 3 ಸೆಂ.ಮೀ. ಆಗುವವರೆಗೆ ಸ್ಕ್ಯಾನಿನಲ್ಲಿ ಕಾಯುತ್ತಾರೆ, ಆಮೇಲೂ ಆದಷ್ಟು ಗಡ್ಡೆಯನ್ನಷ್ಟೇ ತೆಗೆದು ಕಿಡ್ನಿ ಉಳಿಸುತ್ತಾರೆ. ಬೆಂಗಳೂರಿಗೆ ಹೋಗುವಾಗ ಹಳೆಯ ಸ್ಕ್ಯಾನ್ ಸಿಡಿಗಳನ್ನು ಬಿಡದೆ ತಗೊಂಡು ಹೋಗಿ, ಗಡ್ಡೆ ಬೆಳೆದ ವೇಗ ಅವುಗಳಿಂದಲೇ ತಿಳಿಯುವುದು.